ರಾಯರ ಕೈಗುಣವೂ ಕಪ್ಪೆಯ ಸ್ನಾಯುವೂ

ಪಕ್ಕದ ಮನೆಯ ಶ್ರಾವ್ಯ ಔಷಧ ಸಂಶೋಧನೆ ಮಾಡುತ್ತಾಳೆ. ಸಂಶೋಧನೆ ಎಂದರೆ ಮಂಗಳೂರಿನ ಕೊಟ್ಟಾರದ ಆ ಮನೆಯ ಮಹಡಿಯಲ್ಲಿ ಫ್ಯಾನಿನ ಕೆಳಗೆ ಕುಳಿತು ಲ್ಯಾಪ್‌ಟಾಪ್ ನೋಡುವುದು. ಕಪ್ಪೆ ಇಲ್ಲ, ಮೀನು ಇಲ್ಲ, ಮಸಿ ಇಲ್ಲ. ಕೈಗೆ ಏನಾದರೂ ಅಂಟಿದರೆ ಅದು ಅಮ್ಮ ಕರಿದುಕೊಟ್ಟ ಗೋಳಿಬಜೆಯ ಎಣ್ಣೆ, ಅಷ್ಟೇ. ಮೊನ್ನೆ ಲ್ಯಾಪ್‌ಟಾಪ್ ಎತ್ತಿಕೊಂಡೇ ನಮ್ಮ ಜಗಲಿಗೆ ಓಡಿ ಬಂದಳು.

“ಅಂಕಲ್, ನಿಮ್ಮ ಡಿಪಾರ್ಟ್‌ಮೆಂಟಿನದ್ದೇ ಒಂದು ಹಳೇ ಪೇಪರ್ ಸಿಕ್ಕಿತು. ವಾಮನ ರಾವ್ ಅಂತ ಒಬ್ಬರು ಬರೆದದ್ದು. ಯಾವುದೋ ಬೇರಿನ ಪುಡಿ ಸ್ನಾಯುವಿನ ರಿಸೆಪ್ಟರಿನಲ್ಲಿ ಹೋಗಿ ಕೂತುಕೊಳ್ತದೆ ಅಂತ ಉಂಟು. ನಾನು ಆ ಬೇರಿನ ಮಾಲಿಕ್ಯೂಲ್ ತೆಗೆದು ಕಂಪ್ಯೂಟರಿನಲ್ಲಿ ಕೂರಿಸಿ ನೋಡಿದೆ. ಎಂತ ಫಿಟ್ಟು ಗೊತ್ತುಂಟಾ! ಆ ಕಾಲದಲ್ಲಿ ಕಂಪ್ಯೂಟರ್ ಇಲ್ಲದೆ ಹೇಗೆ ಕಂಡುಹಿಡಿದದ್ದು ಅವರು?”

“ಹೆಬ್ಬೆರಳಿನಿಂದ,” ಎಂದೆ.

ಅವಳು ನಕ್ಕಳು. ಹಿರಿಯರು ತಮಾಷೆ ಮಾಡುತ್ತಾರೆ ಎಂದುಕೊಂಡಿರಬೇಕು. ನಾನು ತಮಾಷೆ ಮಾಡಿರಲಿಲ್ಲ. ಅವಳಿಗೆ ಅಂದು ಸಂಜೆ ಹೇಳಿದ್ದನ್ನೇ, ಈ ಕೆಲಸಕ್ಕೆ ಹೊಸದಾಗಿ ಇಳಿಯುವ ಉಳಿದವರಿಗೂ ಇರಲಿ ಎಂದು ಬರೆಯುತ್ತಿದ್ದೇನೆ. ನನಗೆ ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಓದುವವರ ಮೇಲಿನ ಕರುಣೆ ಒಂದು ಕಾರಣ, ಹೇಳಿಕೊಳ್ಳುವಷ್ಟು ಸಿಗದಿದ್ದದ್ದು ಇನ್ನೊಂದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನಾನು, ಜಯರಾಮ ಶೆಟ್ಟಿ, ಬಿ.ಎಸ್ಸಿ. ಪಾಸಾಗಿ ಮಾವನ ಹೋಟೆಲಿನ ಕ್ಯಾಶಿನಲ್ಲಿ ಕೂರಬೇಕಾಗಿದ್ದವನು, ಊರಿನ ಒಂದು ಕಾಲೇಜಿನ ಔಷಧಶಾಸ್ತ್ರ ವಿಭಾಗಕ್ಕೆ ಸಂಶೋಧನಾ ಸಹಾಯಕನಾಗಿ ಸೇರಿಕೊಂಡೆ. ಜೀವಕೋಶದ ಬಗ್ಗೆ ನನಗೆ ಪಾಠ ಹೇಳಿದವರು ಯಾರೂ ಇಲ್ಲ. ವಿದೇಶಿ ಪತ್ರಿಕೆಗಳು ಹಡಗಿನಲ್ಲಿ ಬರುತ್ತಿದ್ದವು. ಅವು ಮಂಗಳೂರು ಮುಟ್ಟುವಷ್ಟರಲ್ಲಿ ಅವುಗಳ ಒಳಗಿನ ಸುದ್ದಿ ಜಗತ್ತಿಗೆಲ್ಲ ಹಳಸಿ, ನಮಗೆ ಮಾತ್ರ ಬಿಸಿಬಿಸಿಯಾಗಿರುತ್ತಿತ್ತು. ಲೈಬ್ರರಿಯಲ್ಲಿ ಕೂತು, ಬಸ್ಸಿನಲ್ಲಿ ನೇತಾಡಿ, ಅರ್ಥವಾದದ್ದನ್ನು ಅರ್ಥ ಮಾಡಿಕೊಂಡು, ಆಗದ್ದನ್ನು ಆಯಿತು ಎಂದು ತಿಳಿದುಕೊಂಡು ಕಲಿತೆ. ಹುರುಪು ಎಷ್ಟಿತ್ತೆಂದರೆ, ಕಲಿತದ್ದನ್ನು ಅದೇ ದಿನ ಯಾರಿಗಾದರೂ ಹೇಳದಿದ್ದರೆ ಊಟ ಸೇರುತ್ತಿರಲಿಲ್ಲ. ಹೇಳಿಸಿಕೊಳ್ಳುವವರು ಹೆಚ್ಚಾಗಿ ಮಾವ.

“ಮಾವ, ಜೀವಕೋಶ ಅಂದರೆ ನಮ್ಮ ಹೋಟೆಲಿನ ಹಾಗೆ. ಗಿರಾಕಿ ಅಡುಗೆಕೋಣೆಯ ಒಳಗೆ ಬರ್ಲಿಕ್ಕಿಲ್ಲ. ಹೊರಗೆ ಕೂತು ವೈಟರಿಗೆ ಹೇಳ್ತಾನೆ. ವೈಟರ್ ಒಳಗೆ ಕೂಗ್ತಾನೆ. ದೋಸೆ ತಯಾರಾಗ್ತದೆ. ಕೋಶದ ಗೋಡೆಯಲ್ಲಿ ನಿಂತ ಆ ವೈಟರೇ ರಿಸೆಪ್ಟರ್. ಅದೊಂದು ಪ್ರೋಟೀನು.”

“ಹಾಗಾದರೆ ಮದ್ದು ಎಂತದ್ದು?”

“ವೈಟರಿನ ಬಾಯಿ ಮುಚ್ಚುವುದು. ಇಲ್ಲದಿದ್ದರೆ ಗಿರಾಕಿ ಇಲ್ಲದೆಯೂ ಅವನು ಕೂಗುವ ಹಾಗೆ ಮಾಡುವುದು. ಇಡೀ ಹೋಟೆಲಿಗೆ ಬೀಗ ಹಾಕುವ ಬದಲು ಬೇಕಾದ ಒಬ್ಬನನ್ನೇ ಹಿಡಿಯುವುದು.”

ಮಾವ ಚಿಲ್ಲರೆ ಎಣಿಸುವುದನ್ನು ನಿಲ್ಲಿಸಲಿಲ್ಲ. “ವೈಟರಿನ ಬಾಯಿ ಮುಚ್ಚಿಸುವ ಕೆಲಸ ನಾನು ದಿನಾ ಮಾಡ್ತೇನೆ ಮಾರಾಯ. ಅದಕ್ಕೆ ಕಾಲೇಜಿಗೆ ಯಾಕೆ ಹೋಗ್ಬೇಕು?”

ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ವಾಮನ ರಾಯರು. ಬಿಳಿ ಪ್ಯಾಂಟು, ಬಿಳಿ ಶರ್ಟು, ಜೇಬಿನಲ್ಲಿ ಬೆಳ್ಳಿಯ ನಶ್ಯದ ಡಬ್ಬಿ. ಯಾವುದೇ ಘನಕಾರ್ಯಕ್ಕೆ ಮೊದಲು ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಟಕಟಕ ಬಡಿಯುವರು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಚಿಟಿಕೆ, ಬಲದ ಮೂಗಿಗೆ. ಇನ್ನೊಂದು ಚಿಟಿಕೆ, ಎಡದ ಮೂಗಿಗೆ. ಕಣ್ಣು ಮುಚ್ಚಿ ಒಂದು ಗಳಿಗೆ ತಪಸ್ಸು. ಆಮೇಲೆ ನಮಗೆ ಬೈಗಳು. ಒಂದೆರಡು ದಿನ ಬಿಟ್ಟರೆ ಈ ಕ್ರಮ ತಪ್ಪಿದ್ದನ್ನು ನಾವು ನೋಡಿದವರಲ್ಲ.

ಇನ್ನೊಂದು ಅಭ್ಯಾಸವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟೆಸ್ಟ್‌ಟ್ಯೂಬಿಗೆ ಪುಡಿ, ನೀರು ಹಾಕಿದ ಮೇಲೆ ಬೆರೆಸಬೇಕಲ್ಲ? ರಾಯರು ಅದರ ಬಾಯಿಗೆ ಹೆಬ್ಬೆರಳು ಒತ್ತಿ, ತಲೆಕೆಳಗೆ ಮಾಡಿ ಕುಲುಕುತ್ತಿದ್ದರು. ಅವರೊಬ್ಬರೇ ಅಲ್ಲ, ಆ ಕಾಲದ ದೊಡ್ಡ ದೊಡ್ಡ ವಿಜ್ಞಾನಿಗಳೆಲ್ಲ ಹೀಗೇ. ಗಾಜಿನ ಬಿರಡೆಗೆ ದುಡ್ಡು ಕೊಡಬೇಕು, ಹೆಬ್ಬೆರಳು ದೇವರು ಕೊಟ್ಟದ್ದು.

ನಮ್ಮ ಮುಖ್ಯ ಯಂತ್ರ ಎಂದರೆ ಮಸಿ ಹಿಡಿದ ಡ್ರಮ್. ಗಡಿಯಾರದ ಹಾಗೆ ಕೀಲಿ ಕೊಟ್ಟರೆ ನಿಧಾನ ತಿರುಗುವ ಉರುಳೆ. ಅದಕ್ಕೆ ನಯವಾದ ಕಾಗದ ಸುತ್ತಿ, ಸೀಮೆಎಣ್ಣೆಯ ಹೊಗೆಯ ಮೇಲೆ ಹಿಡಿದು ಕಪ್ಪು ಮಾಡಬೇಕು. ಕಪ್ಪೆಯ ಹೊಟ್ಟೆಯಿಂದ ತೆಗೆದ ಸ್ನಾಯುವಿನ ಎಳೆಯನ್ನು ಸಣ್ಣ ಗಾಜಿನ ಪಾತ್ರೆಯ ಉಪ್ಪುನೀರಿನಲ್ಲಿ ನೇತುಹಾಕಿ, ಅದರ ತುದಿಗೆ ಒಂದು ಹಗುರ ಕಡ್ಡಿ ಕಟ್ಟುವುದು. ಮದ್ದು ಹಾಕಿದಾಗ ಸ್ನಾಯು ಬಿಗಿದರೆ ಕಡ್ಡಿ ಮೇಲೇರಿ, ಕಪ್ಪು ಮಸಿಯ ಮೇಲೆ ಬಿಳಿ ಗೆರೆ ಗೀಚುತ್ತದೆ. ಆ ಗೆರೆಯೇ ವಿಜ್ಞಾನ. ಒಂದೇ ತೊಂದರೆ, ಯಾರ ಬೆರಳು ತಾಗಿದರೂ ಅದು ಅಳಿಸಿಹೋಗುತ್ತಿತ್ತು. ಹಾಗಾಗಿ ಅಟೆಂಡರ್ ಫೆಲಿಕ್ಸ್ ಕೂಡಲೇ ಕಾಗದ ಬಿಡಿಸಿ ವಾರ್ನಿಷಿನಲ್ಲಿ ಅದ್ದಿ ಹಗ್ಗಕ್ಕೆ ನೇತುಹಾಕುತ್ತಿದ್ದ. ಫೆಲಿಕ್ಸ್ ಕಪ್ಪೆ ಹಿಡಿಯುವವನೂ ಹೌದು, ಮಸಿ ಹಿಡಿಸುವವನೂ ಹೌದು, ಏನೇ ಕೆಟ್ಟರೂ ಬೈಸಿಕೊಳ್ಳುವವನೂ ಹೌದು. ಮೂರನೆಯದು ಅವನ ನಿಜವಾದ ಹುದ್ದೆ.

ಇನ್ನು ವಾರಿಜಾ ಮೇಡಂ. ಕಾಟಿಪಳ್ಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ತಂದೆ ದೇವಸ್ಥಾನದ ಅರ್ಚಕರು. ಮೇಡಂ ರಾಯರ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದರು. ಆ ವೈಟರ್ ಪ್ರೋಟೀನನ್ನು ಕೋಶದಿಂದ ಬಿಡಿಸಿ ಬಾಟಲಿಯಲ್ಲಿ ಹಿಡಿಯುವುದು ಅವರ ವಿಷಯ. ವಿದೇಶದಲ್ಲಿ ಒಂದು ಜಾತಿಯ ಮೀನಿನಿಂದ ಅದನ್ನು ತೆಗೆದಿದ್ದರು. ಮುಟ್ಟಿದರೆ ಶಾಕ್ ಹೊಡೆಯುವ ಮೀನು. ಅದರ ತಲೆಯ ಎರಡೂ ಬದಿಗೆ ಕರೆಂಟ್ ಹುಟ್ಟಿಸುವ ಅಂಗ ಉಂಟು. ಅದರಲ್ಲಿ ಅಡುಗೆಯವರೂ ಇಲ್ಲ, ಕ್ಯಾಶಿಯರೂ ಇಲ್ಲ, ಬರೀ ವೈಟರುಗಳು ಕಿಕ್ಕಿರಿದಿರುತ್ತಾರೆ. ಅಂಥ ಮೀನು ನಮ್ಮ ಕಡಲಿನಲ್ಲೂ ಬಲೆಗೆ ಬೀಳುತ್ತದೆ ಎಂದು ಗೊತ್ತಾದದ್ದೇ ತಡ, ರಾಯರು ದೆಹಲಿಗೆ ಬರೆದು ಯೋಜನೆ ಮಂಜೂರು ಮಾಡಿಸಿಕೊಂಡರು. ಮೀನು ಎಂದರೆ ವಾಸನೆ ಬರುತ್ತದೆ ಎಂಬುದು ಮಂಜೂರಾದ ಮೇಲೆ ಅವರ ಗಮನಕ್ಕೆ ಬಂತು.

ಮೀನು ತರಲು ನಾನು ಬಂದರಿನ ಧಕ್ಕೆಗೆ ಹೋಗಬೇಕು. ಉಳ್ಳಾಲದ ಹಮೀದ್ ಬ್ಯಾರಿಯವರ ಬೋಟಿಗೆ ಹೇಳಿಟ್ಟಿದ್ದೆ.

“ಎಂತ ಶೆಟ್ರೆ, ಇದನ್ನು ಬೆಕ್ಕು ಸಹ ಮೂಸಿ ನೋಡುದಿಲ್ಲ. ನಿಮ್ಮ ಕಾಲೇಜಿನವರು ಇದನ್ನು ತಿಂತಾರಾ?”

“ತಿನ್ನಲಿಕ್ಕಲ್ಲ. ಇದರಲ್ಲಿ ಮದ್ದಿನ ವಿಷಯ ಉಂಟು.”

“ಹಾಗಾದರೆ ಜಾಗ್ರತೆ, ಇನ್ನೂ ಜೀವ ಉಂಟು. ಬರಿಗೈ ಹಾಕ್ಬೇಡಿ.”

ನಾನು ಪತ್ರಿಕೆಗಳನ್ನು ಓದಿದವನಲ್ಲವೇ? ಮೀನಿನ ಯಾವ ಭಾಗದಲ್ಲಿ ಕರೆಂಟ್ ಇದೆ, ಯಾವ ಭಾಗದಲ್ಲಿ ಇಲ್ಲ, ಎಲ್ಲ ಚಿತ್ರಸಮೇತ ಬಾಯಿಪಾಠ. ಬಾಲದ ಹತ್ತಿರ ಹಿಡಿದು ಎತ್ತಿದೆ. ಮೀನು ಪತ್ರಿಕೆ ಓದಿರಲಿಲ್ಲ. ಬಾಲವನ್ನು ನನ್ನ ಕೈಯಲ್ಲೇ ಬಿಟ್ಟು ತಲೆಯನ್ನು ಮೊಣಕೈಗೆ ತಿರುಗಿಸಿತು. ನಾನು ಬಂಗುಡೆಯ ಬುಟ್ಟಿಯ ಮೇಲೆ ಬಿದ್ದಾಗ ಇಡೀ ಧಕ್ಕೆ ನಕ್ಕಿತು. “ಮದ್ದು ಭಾರಿ ಸ್ಟ್ರಾಂಗ್ ಉಂಟು,” ಎಂದರು ಹಮೀದ್ ಬ್ಯಾರಿ.

ಮೀನನ್ನು ಮಂಜುಗಡ್ಡೆಯಲ್ಲಿ ಹೂತು ತಂದರೆ ರಾಯರು ಅದನ್ನು ಕಟ್ಟಡದ ಒಳಗೆ ಬಿಡುತ್ತಿರಲಿಲ್ಲ. ಹಿತ್ತಲಿನ ಶೆಡ್ಡಿನಲ್ಲಿ ಮೇಡಂ ಅದನ್ನು ಕುಯ್ದು, ಅರೆದು, ಸೋಸಿ, ಕೊನೆಗೆ ಬಾಟಲಿಯಲ್ಲಿ ಒಂದಿಷ್ಟು ಮಂಜುಮಂಜಾದ ನೀರು ಮಾಡುತ್ತಿದ್ದರು. ಮನೆಯಲ್ಲಿ ಅವರ ತಾಯಿ ಹಿತ್ತಲ ಬಾಗಿಲಲ್ಲೇ ಬಿಸಿನೀರಿನ ಹಂಡೆ ಇಟ್ಟು ಕಾಯುತ್ತಿದ್ದರಂತೆ. ಅರ್ಚಕರು ಮಾತ್ರ ಏನೂ ಹೇಳಲಿಲ್ಲ. ಒಮ್ಮೆ ಕೇಳಿದ್ದು ಇಷ್ಟೇ: “ಮಗಳೇ, ಡಾಕ್ಟರ್ ಆಗ್ಲಿಕ್ಕೆ ಇನ್ನು ಎಷ್ಟು ಮೀನು ಬಾಕಿ ಉಂಟು?”

ಹೀಗೆ ಕೆಲಸ ಸಾಗುತ್ತಿರುವಾಗ ರಾಯರ ಬೇರು ಬಂತು. ಅವರ ತಾಯಿಯ ಮನೆಯ ಕಡೆ ಕೈಕಾಲು ಸೋತವರಿಗೆ ಅರೆದು ಕೊಡುತ್ತಿದ್ದ ಬೇರು. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ಕಷಾಯ ಮಾಡಿ ಕುಡಿದಾರು. ರಾಯರು ಅದನ್ನು ಪುಡಿ ಮಾಡಿ, ನೀರಿನಲ್ಲಿ ಬೆರೆಸಿ, ಕಪ್ಪೆಯ ಸ್ನಾಯುವಿಗೆ ಹಾಕಿದರು. ಕಡ್ಡಿ ಸರ್ರನೆ ಮೇಲೇರಿತು. ಸ್ನಾಯು ಬಲ ಕಳೆದುಕೊಂಡು ಕಣ್ಣಿನ ರೆಪ್ಪೆಯನ್ನೂ ಎತ್ತಲಾಗದ ಕಾಯಿಲೆ ಒಂದಿದೆ. ರಿಸೆಪ್ಟರಿನ ಕಿವಿಯಲ್ಲೇ ಹೋಗಿ ಕೂಗುವ ಮದ್ದು ಸಿಕ್ಕಿತೆಂದರೆ ಅದಕ್ಕೆ ದಾರಿ ಸಿಕ್ಕಿದ ಹಾಗೆ. ರಾಯರು ಕುಣಿಯುವುದೊಂದು ಬಾಕಿ. ಒಂದು ಸಮ್ಮೇಳನಕ್ಕೆ ಹೋಗಿ ಓದಿ ಬಂದರು, ಅವರ ಪ್ರಬಂಧ ಅಚ್ಚಾಯಿತು. ಶ್ರಾವ್ಯಳಿಗೆ ಸಿಕ್ಕಿದ್ದು ಅದೇ.

ಮೇಡಂ ಅದೇ ಬೇರನ್ನು ತಾವು ಪುಡಿ ಮಾಡಿ ಹಾಕಿದರು. ಕಡ್ಡಿ ಅಲ್ಲಾಡಲಿಲ್ಲ. ಮತ್ತೆ ಹಾಕಿದರು. ಇಲ್ಲ. ನಾನು ಹಾಕಿದೆ. ಇಲ್ಲ. ರಾಯರು ಬಂದು, ಡಬ್ಬಿ ಬಡಿದು, ಎರಡು ಮೂಗಿಗೂ ಸಲ್ಲಬೇಕಾದ್ದನ್ನು ಸಲ್ಲಿಸಿ, ಮೇಡಂ ಮಾಡಿದ ಅದೇ ಪುಡಿಯನ್ನು ಹೊಸ ಟ್ಯೂಬಿಗೆ ಹಾಕಿ ಕುಲುಕಿ ಬಿಟ್ಟರು. ಕಡ್ಡಿ ಏರಿತು!

“ನೋಡು ವಾರಿಜಾ, ಇದಕ್ಕೆ ಕೈಗುಣ ಅಂತ ಹೇಳುದು. ಮೀನು ಮುಟ್ಟುವ ಕೈಗೂ ಔಷಧಿ ಕೊಡುವ ಕೈಗೂ ವ್ಯತ್ಯಾಸ ಉಂಟು. ಪುಸ್ತಕದಲ್ಲಿ ಇದೆಲ್ಲ ಇರುದಿಲ್ಲ.”

ಪುಸ್ತಕದಲ್ಲಿ ಇರಲಿಲ್ಲ, ನಿಜ. ಕೈಗುಣವಿರುವ ವೈದ್ಯರು ಊರಿಗೆ ಒಬ್ಬರಾದರೂ ಇರುತ್ತಾರೆ ಎಂದು ಕೇಳಿ ಬೆಳೆದವರು ನಾವು. ಅದು ಸತ್ತ ಕಪ್ಪೆಯ ಸ್ನಾಯುವಿಗೂ ತಾಗುತ್ತದೆ ಎಂದು ಗೊತ್ತಿರಲಿಲ್ಲ, ಅಷ್ಟೇ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಪೂರ್ತಿ ನಂಬಿದೆ. ಮನೆಗೆ ಹೋಗಿ ನನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಶಾಕ್ ಹೊಡೆಸಿಕೊಂಡದ್ದು ಬಿಟ್ಟರೆ ಅದರಲ್ಲಿ ಗುಣವೇನೂ ಕಾಣಲಿಲ್ಲ.

ಮೇಡಂ ನಂಬಲಿಲ್ಲ. ಅವರ ಬಾಟಲಿಯಲ್ಲಿ ಬಿಡಿಸಿದ ರಿಸೆಪ್ಟರೇ ಇತ್ತಲ್ಲ. ನಾಗರಹಾವಿನ ವಿಷ ಆ ಪ್ರೋಟೀನನ್ನು ಗಟ್ಟಿ ಹಿಡಿಯುತ್ತದೆ. ಆ ವಿಷಕ್ಕೆ ವಿಕಿರಣದ ಗುರುತು ಹಚ್ಚಿ ಬೊಂಬಾಯಿಯಿಂದ ತರಿಸಿದ್ದರು. ಪುಡಿಗೆ ನಿಜಕ್ಕೂ ಅಲ್ಲಿ ಕೂರುವ ತಾಕತ್ತಿದ್ದರೆ ವಿಷವನ್ನು ತಳ್ಳಿ ಜಾಗ ಹಿಡಿಯಬೇಕು. ಮೇಡಂ ಪುಡಿ ಹಾಕಿದರು. ವಿಷ ತನ್ನ ಜಾಗದಲ್ಲಿ ಹಾಯಾಗಿ ಕೂತಿತ್ತು.

“ಅದು ಬಾಟಲಿಯಲ್ಲಿ ಸತ್ತ ಪ್ರೋಟೀನು,” ಎಂದರು ರಾಯರು. “ಸ್ನಾಯುವಿನಲ್ಲಿ ಇರುದು ಜೀವಂತ. ನಿನ್ನ ಥೀಸಿಸ್ಸಿನ ಕೊನೇ ಅಧ್ಯಾಯ ಈ ಪುಡಿಯದ್ದು. ಅದು ಬರದೆ ನಾನು ಸಹಿ ಹಾಕುದಿಲ್ಲ.”

ಅಲ್ಲಿಗೆ ವಿಷಯ ಹುಡುಗಾಟವಾಗಿ ಉಳಿಯಲಿಲ್ಲ. ಮೇಡಂ ಅವರ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಅಷ್ಟರೊಳಗೆ ಗೈಡಿನ ಸಹಿಯೊಂದಿಗೆ ಥೀಸಿಸ್ ಹೋಗದಿದ್ದರೆ ಅಷ್ಟು ವರ್ಷದ ಮೀನೆಲ್ಲ ನೀರಿಗೆ ಹೋದ ಹಾಗೆ. ಮತ್ತೆ ಮೊದಲಿನಿಂದ ಶುರು. ಉಳಿದ ಅಧ್ಯಾಯಗಳೆಲ್ಲ ಟೈಪಾಗಿದ್ದವು. ಪುಡಿ ಕೆಲಸ ಮಾಡುತ್ತದೆ ಎಂದು ಬರೆದರೆ ಸಹಿ, ಇಲ್ಲದಿದ್ದರೆ ಇಲ್ಲ.

“ಬರೆದು ಬಿಡಿ ಮೇಡಂ,” ಎಂದೆ. “ಥೀಸಿಸ್ ಯಾರು ಓದ್ತಾರೆ? ಬೈಂಡ್ ಮಾಡಿದವನು ಸಹ ಓದುದಿಲ್ಲ.”

“ಓದುದಿಲ್ಲ ಅಂತ ಸುಳ್ಳು ಬರೀಲಿಕ್ಕೆ ಆಗ್ತದಾ? ನಾಳೆ ಯಾರೋ ಒಬ್ಬ ಓದ್ತಾನೆ. ರೆಪ್ಪೆ ಎತ್ತಲಿಕ್ಕಾಗದ ಪಾಪದವರಿಗೆ ಅರೆದು ಕುಡಿಸ್ತಾನೆ. ಆಗ ಯಾರ ಕೈಗುಣ ಅಂತ ಹೇಳುದು?”

“ಆದರೆ ಸರ್ ಹಾಕಿದರೆ ಏರ್ತದಲ್ಲ? ಅದು ಸುಳ್ಳಲ್ಲವಲ್ಲ?”

“ಅದೇ ಮಾರಾಯ ನನಗೆ ಮಂಡೆಬಿಸಿ. ಗೆರೆ ಸುಳ್ಳಲ್ಲ.”

ಆ ಹೊತ್ತಿಗೆ ಬೊಂಬಾಯಿಯಿಂದ ಒಬ್ಬ ದೊಡ್ಡ ವಿಜ್ಞಾನಿ ನಮ್ಮ ಪ್ರಯೋಗ ನೋಡಲು ಬಂದರು. ಅವರು ಬಂದ ದಿನವೇ ರಾಯರ ತಂದೆಯ ತಿಥಿ. ದೊಡ್ಡವರನ್ನು ವಾಪಸ್ಸು ಕಳಿಸುವ ಹಾಗಿಲ್ಲ, ತಿಥಿಯನ್ನು ಮುಂದೂಡುವ ಹಾಗಿಲ್ಲ. ಮನೆ ಕಾಲೇಜಿನ ಹಿಂದೆಯೇ ಇತ್ತು. ರಾಯರು ಬೆಳಿಗ್ಗೆ ಸ್ನಾನ ಮಾಡಿ, ಉಪವಾಸದಲ್ಲೇ ಬಂದು ಪ್ರಯೋಗ ತೋರಿಸಲು ನಿಂತರು. ಪುಡಿ, ನೀರು, ಹೆಬ್ಬೆರಳು, ಕುಲುಕು. ಕಡ್ಡಿ ಮಲಗಿದ್ದು ಮಲಗಿಯೇ ಇತ್ತು. ಮಸಿಯ ಮೇಲೆ ಗೆರೆ ಕೊಟ್ಟಾರದ ಹೆದ್ದಾರಿಯ ಹಾಗೆ ನೆಟ್ಟಗೆ ಹೋಯಿತು.

“ಫೆಲಿಕ್ಸ್! ಎಂತ ಕಪ್ಪೆ ತಂದದ್ದು ನೀನು?”

“ಒಳ್ಳೇ ಕಪ್ಪೆ ಸರ್. ನಿನ್ನೆಯದ್ದೇ ಜಾತಿ.”

“ಬಾಯಿ ಮುಚ್ಚು! ಇದು ಹುಟ್ಟಿದಾಗಲೇ ಸತ್ತ ಕಪ್ಪೆ.”

ಅತಿಥಿಗಳು ಛಾವಣಿ ನೋಡಿದರು. ರಾಯರು ಬೆವರು ಒರೆಸಿಕೊಂಡು ತಿಥಿಗೆ ಹೋದರು. ಊಟ ಮುಗಿಸಿ ಸಂಜೆ ಬಂದವರೇ ಡಬ್ಬಿ ಬಡಿದರು. ಬೆಳಿಗ್ಗೆಯಿಂದ ಕಾದಿದ್ದ ಮೂಗುಗಳಿಗೆ ಎರಡೆರಡು ಚಿಟಿಕೆ ಏರಿಸಿ, ಅದೇ ಸ್ನಾಯುವಿಗೆ ಅದೇ ಪುಡಿ ಹಾಕಿದರು. ಕಡ್ಡಿ ಕಾಗದದ ಅಂಚಿನವರೆಗೆ ಹೋಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ಔಷಧಕ್ಕೆ ಸ್ವಲ್ಪ ಸಮಯ ಬೇಕಾಗುತ್ತದೆ ಎಂದು ಗಂಭೀರವಾಗಿ ಹೇಳಿ, ಬಂಗುಡೆ ಊಟ ಎಲ್ಲಿ ಒಳ್ಳೆಯದು ಎಂದು ನನ್ನನ್ನು ಗುಟ್ಟಾಗಿ ಕೇಳಿ, ಹೋದರು.

ಮೇಡಂ ಮಾತ್ರ ಡ್ರಮ್ಮಿನ ಮುಂದೆಯೇ ನಿಂತಿದ್ದರು. ಒಂದೇ ಕಾಗದ. ಕೆಳಗೆ ಬೆಳಗಿನ ನೆಟ್ಟಗಿನ ಗೆರೆ, ಮೇಲೆ ಸಂಜೆಯ ಬೆಟ್ಟ.

“ಜಯರಾಮ, ಬೆಳಿಗ್ಗೆಯ ಸ್ನಾಯು ಯಾವುದು?”

“ಇದೇ ಮೇಡಂ.”

“ಪುಡಿ?”

“ಅದೇ ಡಬ್ಬಿಯದ್ದು.”

“ಕೈ?”

“ಕೈ ಸಹ ಸರ್‌ದೇ. ಬೇರೆ ಕೈ ಎಲ್ಲಿಂದ ತರುದು? ಬೆಳಿಗ್ಗೆ ಸಿಟ್ಟಿನಲ್ಲಿ ಇದ್ದರು, ಅಷ್ಟೇ. ತಿಥಿ ಅಲ್ವಾ, ಊಟ ಆಗುವವರೆಗೆ ನಶ್ಯ ಇಲ್ಲ. ನಶ್ಯ ಇಲ್ಲದಿದ್ದರೆ ಅವರ ಕೈಗುಣವೂ ಇಲ್ಲ, ಬಾಯಿಗುಣವೂ ಇಲ್ಲ.”

ನಾನು ನಗಿಸಲು ಹೇಳಿದ್ದು. ಮೇಡಂ ನಗಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದು ತಮ್ಮ ಬಾಟಲಿಗಳನ್ನು ನೋಡುತ್ತ ನಿಂತರು. ಎಲ್ಲ ಬಾಟಲಿಗಳ ಮೇಲೂ ಅವರೇ ಬರೆದ ಚೀಟಿ: ನಿಕೋಟಿನಿಕ್ ರಿಸೆಪ್ಟರ್. ಈ ಪ್ರೋಟೀನಿಗೆ ಆ ಹೆಸರು ಬಂದದ್ದೇ ಹೊಗೆಸೊಪ್ಪಿನ ನಿಕೋಟಿನ್ ಅದರ ಮೇಲೆ ಹೋಗಿ ಕೂರುತ್ತದೆ ಎಂಬ ಕಾರಣಕ್ಕೆ. ನಶ್ಯ ಎಂದರೆ ಹೊಗೆಸೊಪ್ಪಿನ ಪುಡಿ. ಈ ಎರಡು ಸಂಗತಿಗಳೂ ನಮ್ಮ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿದ್ದವು. ವರ್ಷಗಟ್ಟಲೆ ಆ ಹೆಸರನ್ನು ದಿನಾ ಬರೆಯುತ್ತ, ಆ ಪುಡಿ ಹೆಬ್ಬೆರಳಿನಿಂದ ಮೂಗಿಗೆ, ಅದೇ ಹೆಬ್ಬೆರಳು ಟ್ಯೂಬಿನ ಬಾಯಿಗೆ ಹೋಗುವುದನ್ನು ದಿನಾ ನೋಡುತ್ತ, ನಾವು ಔಷಧ ಹುಡುಕುತ್ತಿದ್ದೆವು. ನೋಡಿ, ಕಲಿತವರು ಎಂದರೆ ಹೀಗಿರಬೇಕು.

“ನಾನು ಈಗಲೇ ಹೋಗಿ ನಶ್ಯ ತರ್ತೇನೆ ಮೇಡಂ. ಹಾಕಿ ನೋಡುವ.”

“ಬೇಡ. ನಾವು ಹಾಕಿದರೆ ಮೀನಿನ ಕೈ ಅಂತಾರೆ. ಅವರ ಕೈಯಲ್ಲೇ ಆಗ್ಬೇಕು.”

ಎರಡು ದಿನ ಬಿಟ್ಟು ಮೇಡಂ ರಾಯರ ಮುಂದೆ ಎರಡು ಟ್ಯೂಬು ಇಟ್ಟರು. “ಸರ್, ಹೊರಗಿನ ಪರೀಕ್ಷಕರು ಕೇಳಿಯಾರು. ಒಂದರಲ್ಲಿ ಪುಡಿಯ ನೀರು, ಒಂದರಲ್ಲಿ ಬರೀ ನೀರು. ನೀವೇ ಕುಲುಕಿ ಹಾಕ್ಬೇಕು. ಯಾವುದು ಯಾವುದು ಅಂತ ಆಮೇಲೆ ಹೇಳ್ತೇನೆ.”

“ಹೇಳುದೇ ಬೇಡ. ಕಡ್ಡಿಯೇ ಹೇಳ್ತದೆ,” ಎಂದರು ರಾಯರು. ಚಿಟಿಕೆ, ಚಿಟಿಕೆ, ತಪಸ್ಸು. ಮೊದಲ ಟ್ಯೂಬು ಕುಲುಕಿ ಹಾಕಿದರು. ಕಡ್ಡಿ ಏರಿತು. “ಇದು ಪುಡಿ.” ಸ್ನಾಯು ತೊಳೆದು, ಇನ್ನೊಂದು ಚಿಟಿಕೆಯಾಗಿ, ಎರಡನೆಯದು. ಅದಕ್ಕೂ ಏರಿತು.

ರಾಯರು ಕನ್ನಡಕ ತೆಗೆದು ಒರೆಸಿದರು.

“ನೀರು ಯಾವುದು?”

“ಮೊದಲನೆಯದ್ದು ಸರ್.”

“ಯಾವ ನೀರು?”

“ಬಟ್ಟಿ ಇಳಿಸಿದ ನೀರು.”

“ಬಟ್ಟಿ ಇಳಿಸುದು ಯಾವ ಬಾವಿಯ ನೀರನ್ನು?” ರಾಯರ ಕಣ್ಣು ಹೊಳೆಯಿತು. “ನಮ್ಮ ಕಾಲೇಜಿನ ಬಾವಿ! ಅದರ ಪಕ್ಕದಲ್ಲೇ ಮರ ಉಂಟಲ್ಲ, ಆ ಮರದ ಬೇರಿನ ಗುಣವೂ ನೀರಿಗೆ ಇಳಿದಿರ್ಬೇಕು. ಜಯರಾಮ, ಆ ನೀರನ್ನು ಪರೀಕ್ಷೆಗೆ ಕಳಿಸು!”

ಒಂದು ಔಷಧ ಹುಡುಕಿದವರಿಗೆ ಎರಡು ಸಿಕ್ಕಿತ್ತು. ನಾನು ತಲೆ ತಗ್ಗಿಸಿ ತುಟಿ ಕಚ್ಚಿಕೊಂಡೆ. ಮೇಡಂ ಸಿಂಕಿನ ಹತ್ತಿರ ಹೋಗಿ ಸೋಪಿನ ಬಿಲ್ಲೆ ತಂದು ಮೇಜಿನ ಮೇಲಿಟ್ಟರು.

“ಸರ್, ಒಂದು ಸಲ ಕೈ ತೊಳೆದು ಹಾಕ್ತೀರಾ?”

“ನನ್ನ ಕೈಯಾ?” ರಾಯರ ದನಿ ತಗ್ಗಿತು. ಜೋರಾಗಿ ಬೈಯುವಾಗ ನಮಗೆ ಹೆದರಿಕೆ ಇರುತ್ತಿರಲಿಲ್ಲ. “ಶೆಡ್ಡಿನಲ್ಲಿ ಮೀನು ಕುಯ್ಯುವವಳು ನೀನು. ನನಗೆ ಕೈ ತೊಳೀಲಿಕ್ಕೆ ಹೇಳ್ತೀಯಾ?”

“ನಾನು ಮೀನು ಮುಟ್ಟಿದ ಮೇಲೆ ತೊಳೀತೇನೆ ಸರ್. ನೀವು ನಶ್ಯ ಮುಟ್ಟಿದ ಮೇಲೆ ತೊಳೆಯುದಿಲ್ಲ.”

ರಾಯರು ತಮ್ಮ ಹೆಬ್ಬೆರಳನ್ನು ನೋಡಿದರು. ಕಂದು ಬಣ್ಣದ ಹೆಬ್ಬೆರಳು. ಆಮೇಲೆ ಎದ್ದು, ಯಾರನ್ನೂ ನೋಡದೆ, ಹೊರಗೆ ಹೋದರು.

ಆ ವಾರವಿಡೀ ಅವರು ಲ್ಯಾಬಿಗೆ ಕಾಲಿಡಲಿಲ್ಲ. ಥೀಸಿಸ್ಸಿನ ಕಟ್ಟು ಅವರ ಮೇಜಿನ ಮೇಲೆ ಹಾಗೆಯೇ ಬಿದ್ದಿತ್ತು. ಅವಧಿಗೆ ಮುಂದಿನ ಶುಕ್ರವಾರವೇ ಕೊನೆ. ಮೇಡಂ ಶೆಡ್ಡು ಗುಡಿಸಿದರು, ಚೂರಿ ತೊಳೆದು ಒರೆಸಿಟ್ಟರು, ತಮ್ಮ ಪುಸ್ತಕಗಳನ್ನು ಚೀಲಕ್ಕೆ ತುಂಬಿದರು. “ನಾನು ಬಾಯಿ ಬಿಡದಿದ್ದರೆ ಇಷ್ಟು ಹೊತ್ತಿಗೆ ಸಹಿ ಆಗ್ತಿತ್ತು, ಅಲ್ವಾ?” ಎಂದು ಕೇಳಿದರು. ನಾನು ಯಾವುದೋ ಪತ್ರಿಕೆ ಓದುವವನ ಹಾಗೆ ಕೂತೆ. ಅದಕ್ಕೆ ಉತ್ತರ ಯಾವ ಹಡಗಿನಲ್ಲೂ ಬಂದಿರಲಿಲ್ಲ.

ಸೋಮವಾರ ಬೆಳಿಗ್ಗೆ ರಾಯರು ಬಂದರು.

“ಫೆಲಿಕ್ಸ್, ಸ್ನಾಯು ಕಟ್ಟು. ಡ್ರಮ್ಮಿಗೆ ಹೊಸ ಕಾಗದ.”

ಸಿಂಕಿನಲ್ಲಿ ನಿಂತು, ಸೋಪು ಹಚ್ಚಿ, ಉಗುರಿನ ಸಂದು ಬಿಡದೆ ತೊಳೆದರು. ಪೂಜೆಗೆ ಕೂರುವ ಮೊದಲು ತೊಳೆಯುವ ಹಾಗೆ. ಮನೆಯಿಂದ ತಂದ ಟವೆಲಿನಲ್ಲಿ ಒರೆಸಿಕೊಂಡರು. ಪುಡಿ, ನೀರು, ಹೆಬ್ಬೆರಳು, ಕುಲುಕು. ಹಾಕಿದರು. ಕಡ್ಡಿ ಅಲ್ಲಾಡಲಿಲ್ಲ. ಅವರೂ ಅಲ್ಲಾಡಲಿಲ್ಲ. ನೆಟ್ಟಗಿನ ಗೆರೆ ತುಂಬ ಹೊತ್ತು ಹೋಯಿತು.

ಆಮೇಲೆ ಜೇಬಿನಿಂದ ಡಬ್ಬಿ ತೆಗೆದರು. ಟಕಟಕ ಬಡಿಯಲಿಲ್ಲ. ಒಂದು ಚಿಟಿಕೆ ತೆಗೆದು, ಮೂಗಿಗೆ ಏರಿಸದೆ ಕೆಳಗೆ ಕೊಡವಿ, ಬರೀ ನೀರಿನ ಟ್ಯೂಬಿಗೆ ಹೆಬ್ಬೆರಳು ಒತ್ತಿ ಕುಲುಕಿ ಹಾಕಿದರು. ಕಡ್ಡಿ ಎದ್ದಿತು, ಏರಿತು, ಏರುತ್ತಲೇ ಹೋಯಿತು. ಅವರ ಜೀವಮಾನದ ಅತಿ ಸುಂದರ ಗೆರೆ. ಡ್ರಮ್ಮಿನ ಕೀಲಿ ಮುಗಿದು ತಾನೇ ನಿಂತಿತು.

ಮಸಿಯ ಮೇಲಿನ ಗೆರೆ ಬೆರಳು ತಾಗಿದರೆ ಹೋಗುತ್ತದೆ ಎಂದು ಮೊದಲೇ ಹೇಳಿದೆನಲ್ಲ. ರಾಯರ ಹೆಬ್ಬೆರಳು ಕಾಗದದ ಹತ್ತಿರ ಹೋಯಿತು. ಒಮ್ಮೆ ಉಜ್ಜಿದರೆ ಸಾಕಿತ್ತು. ನಾನು, ಮೇಡಂ, ಫೆಲಿಕ್ಸ್ ಮೂವರೂ ಆ ಬೆರಳನ್ನೇ ನೋಡುತ್ತಿದ್ದೆವು.

“ಎಂತ ನೋಡುದು ಫೆಲಿಕ್ಸ್?” ಎಂದರು ರಾಯರು. “ವಾರ್ನಿಷ್ ಹಾಕು.”

ಮೇಡಂ ಕಡೆ ತಿರುಗದೆ ಹೇಳಿದರು: “ಇದೇ ಕೊನೇ ಅಧ್ಯಾಯ. ಪುಡಿಯಿಂದ ಏನೂ ಆಗುದಿಲ್ಲ ಅಂತ ಸ್ಪಷ್ಟ ಬರಿ.”

“ಮತ್ತೆ ಗೆರೆ ಏರಿದ್ದಕ್ಕೆ ಎಂತ ಬರೀಲಿ ಸರ್?”

“ಹೊಗೆಸೊಪ್ಪಿನ ಅಂಶ ಸೇರಿತ್ತು ಅಂತ ಬರಿ. ಮೂಗು ಯಾರದ್ದು ಅಂತ ಪರೀಕ್ಷಕರಿಗೆ ಬೇಡ.”

ಟೈಪಿಸ್ಟನ ಕಾಲು ಹಿಡಿದು, ಬೈಂಡಿಂಗಿನವನಿಗೆ ಮಾವನ ಹೋಟೆಲಿನಿಂದ ನೀರುದೋಸೆ ಹೊತ್ತು, ಅಂತೂ ಶುಕ್ರವಾರಕ್ಕೆ ಥೀಸಿಸ್ ತಯಾರಾಯಿತು. ಮೇಡಂ ಅದನ್ನು ರಾಯರ ಮುಂದೆ ತೆರೆದಿಟ್ಟರು. ರಾಯರು ಕೊನೆಯ ಅಧ್ಯಾಯ ಓದಿದರು, ಒಂದು ಕಡೆ ಅಲ್ಪವಿರಾಮ ತಿದ್ದಿದರು, ಪೆನ್ನಿನ ಮುಚ್ಚಳ ತೆಗೆದರು. ತೆಗೆದವರು ಮತ್ತೆ ಮುಚ್ಚಿದರು.

ರಾಯರು ಎದ್ದು ಸಿಂಕಿಗೆ ಹೋಗಿ, ಸೋಪು ಹಚ್ಚಿ ಕೈ ತೊಳೆದು, ಒರೆಸಿಕೊಂಡು ಬಂದು ಕೂತು ಸಹಿ ಹಾಕಿದರು. ಸಹಿಗೆ ಕೈ ತೊಳೆಯಬೇಕೆಂದು ಯಾವ ವಿಶ್ವವಿದ್ಯಾಲಯವೂ ಹೇಳುವುದಿಲ್ಲ.

ಮುಂದೆ ಅವರು ನಶ್ಯ ಬಿಡಲಿಲ್ಲ. ಟ್ಯೂಬಿಗೆ ಹೆಬ್ಬೆರಳು ಒತ್ತುವುದನ್ನು ಬಿಟ್ಟರು. ಗಾಜಿನ ಬಿರಡೆಗಳು ಬಂದವು. ಎಂಬತ್ತರ ದಶಕದ ನಡುವಿನಲ್ಲಿ ಮಸಿಯ ಡ್ರಮ್ ಹೋಗಿ ಶಾಯಿಯಲ್ಲಿ ಬರೆಯುವ ಯಂತ್ರ ಬಂತು. ಫೆಲಿಕ್ಸನ ಮುಖದ ನಿಜವಾದ ಬಣ್ಣ ನಮಗೆ ಆಗಲೇ ಗೊತ್ತಾದದ್ದು. ವಾರಿಜಾ ಮೇಡಂ ಬೇರೆ ಕಾಲೇಜಿಗೆ ಹೋಗಿ ತಲೆಮಾರುಗಟ್ಟಲೆ ಮಕ್ಕಳಿಗೆ ಪಾಠ ಹೇಳಿದರು. ಅವರ ಲ್ಯಾಬಿನಲ್ಲಿ ಮೊದಲ ಪಾಠ ಸಿಂಕಿನ ಹತ್ತಿರ ನಡೆಯುತ್ತಿತ್ತಂತೆ. ರಾಯರು ಸಮ್ಮೇಳನದವರಿಗೆ ತಮ್ಮ ಪ್ರಬಂಧ ತಪ್ಪು ಎಂದು ಕಾಗದ ಬರೆದರು. ತಪ್ಪು ಅಚ್ಚು ಹಾಕಲು ಅವರಲ್ಲಿ ಜಾಗವಿತ್ತು, ತಪ್ಪೊಪ್ಪಿಗೆಗೆ ಇರಲಿಲ್ಲ. ಹಾಗಾಗಿ ಆ ಪುಡಿ ಇವತ್ತಿಗೂ ಕೆಲಸ ಮಾಡುತ್ತಲೇ ಇದೆ.

ಇಷ್ಟು ಕೇಳಿದ ಮೇಲೆ ಶ್ರಾವ್ಯ ಲ್ಯಾಪ್‌ಟಾಪಿನಲ್ಲಿ ತಿರುಗುತ್ತಿದ್ದ ಬಣ್ಣಬಣ್ಣದ ರಿಸೆಪ್ಟರನ್ನು ತುಂಬ ಹೊತ್ತು ನೋಡಿದಳು. ಅದರ ಒಂದು ಸಂದಿನಲ್ಲಿ ರಾಯರ ಬೇರು ಚಂದ ಮಾಡಿ ಕೂತಿತ್ತು.

“ಆದರೆ ಅಂಕಲ್, ಕಂಪ್ಯೂಟರಿಗೆ ಹೆಬ್ಬೆರಳು ಇಲ್ಲವಲ್ಲ? ಮತ್ತೆ ಇದು ಹೇಗೆ ಫಿಟ್ಟಾದದ್ದು?”

“ಅದೇ ಕಷ್ಟ ಮಾರಾಯ್ತಿ,” ಎಂದೆ. “ಎಲ್ಲಿ ಸೋಪು ಹಚ್ಚುದು?”